ಮೆಡಿಕಲ್ ಕಾಲೇಜ್ ಇಂಟರ್‌ವ್ಯೂಗೆ ಯಾರೋ ಬರ್ದುಕೊಟ್ಟ ಉತ್ತರ ಬಾಯಿಪಾಠ ಮಾಡ್ಬೇಡಿ, ನನ್ನ ಸೀಟ್ ಹೋಗಿದ್ದೇ ಅದ್ರಿಂದ

ಇಂಟರ್‌ವ್ಯೂ ಕಾಲ್ ಬಂದಿರೋರು, ಅದ್ರಲ್ಲೂ ದುಡ್ಡು ಕೊಟ್ಟು ಕೋಚಿಂಗ್ ತಗೊಳ್ಳೋ ಯೋಚನೇಲಿ ಇರೋರು, ದುಡ್ಡು ಕಟ್ಟೋಕ್ ಮುಂಚೆ ಇದನ್ನ ಪೂರ್ತಿ ಓದಿ.

ನನಗೆ ಕಾಲ್ ಬಂದಾಗ ಉಳಿದಿದ್ದು ಮೂರೇ ವಾರ. ಮಾರ್ಕ್ಸ್ ಇತ್ತು, ಎಂಟ್ರೆನ್ಸ್ ಸ್ಕೋರ್ ಇತ್ತು, ಆದ್ರೆ ಗೊತ್ತಿಲ್ದೇ ಇರೋರ ಮುಂದೆ ಕೂತು ಮಾತಾಡೋದು ಅಂದ್ರೆ ಮೊದ್ಲಿಂದ್ಲೂ ಕೈಕಾಲು ತಣ್ಣಗಾಗುತ್ತೆ, ಆ ಭಯದಲ್ಲೇ ಆನ್‌ಲೈನಲ್ಲಿ ಕಂಡ ಒಂದು ಪ್ಯಾಕೇಜ್ ತಗೊಂಡ್ಬಿಟ್ಟೆ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ದುಡ್ಡು ಕಟ್ಟಿದ ದಿನಾನೇ ಒಂದು ಪಿಡಿಎಫ್ ಬಂತು, ಪ್ರಶ್ನೆ, ಕೆಳಗೆ ಬರ್ದಿಟ್ಟ ಉತ್ತರ. ಡಾಕ್ಟರ್ ಯಾಕ್ ಆಗ್ಬೇಕು ಅನ್ನೋದಕ್ಕೇ ನಾಲ್ಕು ಥರ ಇತ್ತು, ಯಾವ್ದಾದ್ರೂ ಒಂದು ಆರಿಸ್ಕೊಳ್ಳಿ ಅಂದ್ರು. ಮಾಕ್ ಇಂಟರ್‌ವ್ಯೂ ಎರಡು ಸಲ ಆಯ್ತು, ಎರಡು ಸಲಾನೂ ಸಾಲು ತಪ್ಪದೇ ಒಪ್ಪಿಸ್ತೀನಾ ಅಂತ ನೋಡಿದ್ರು ಅಷ್ಟೇ, ನಡುವೆ ತಡೆದು ಒಂದು ಪ್ರಶ್ನೆ ಕೇಳಲಿಲ್ಲ.

ನಾನು ಹೋದ ಕಾಲೇಜಲ್ಲಿ ಇದ್ದಿದ್ದು ಕೆಲವ್ರು ಒಟ್ಟಿಗೆ ಕೂತು ಪ್ರಶ್ನೆ ಕೇಳೋ ಪ್ಯಾನೆಲ್ ಅಲ್ಲ, ಎಂಎಂಐ, ಅಂದ್ರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯವರು 2000ರ ದಶಕದ ಮೊದಲ ವರ್ಷಗಳಲ್ಲಿ ಶುರು ಮಾಡಿದ್ದು, ಈಗ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲೂ ತುಂಬಾ ಕಾಲೇಜ್‌ಗಳಲ್ಲಿದೆ. ಸಾಲಾಗಿ ರೂಮುಗಳು, ಬಾಗಿಲ ಹತ್ರ ಹಾಳೇಲಿ ಒಂದು ಸನ್ನಿವೇಶ, ಓದೋಕೆ 2 ನಿಮಿಷ, ಒಳಗೆ ಮಾತಾಡೋಕೆ 8 ನಿಮಿಷ, ಕೆಲವು ಕಡೆ ಇನ್ನೂ ಕಮ್ಮಿ, ಬೆಲ್ ಹೊಡೆದ್ರೆ ಮುಂದಿನ ರೂಮು. ಕಾಲೇಜಿನವರು ಇದನ್ನೆಲ್ಲಾ ಇಮೇಲಲ್ಲೇ ಬರ್ದಿದ್ರು, ಕೋಚ್‌ಗೂ ಕಳಿಸಿದ್ದೆ, "ಫಾರ್ಮ್ಯಾಟ್ ಯಾವ್ದಾದ್ರೇನು, ಉತ್ತರ ಅದೇ" ಅಂದ್ರು, ನಂಬಿದೆ.

ಒಂದು ರೂಮಲ್ಲಿ ರೋಲ್ ಪ್ಲೇ. ಸನ್ನಿವೇಶ ಏನು ಅಂತ ಹೇಳೋ ಹಾಗಿಲ್ಲ, ಹೊರಗೆ ಹೇಳಲ್ಲ ಅಂತ ಸೈನ್ ಹಾಕಿದೀನಿ. ಪಾತ್ರ ಮಾಡ್ತಿದ್ದ ಹೆಂಗಸು ಮಾತಾಡ್ತಾ ಮಾತಾಡ್ತಾನೇ ಅಳೋಕೆ ಶುರು ಮಾಡಿದ್ರು, ನನ್ನ ಕಣ್ಣ ಮುಂದೆ ಆ ಪಿಡಿಎಫ್ ಪುಟಾನೇ ಬಂತು, "ನಿಮ್ಮ ನೋವು ನನಗೆ ಪೂರ್ತಿ ಅರ್ಥ ಆಗುತ್ತೆ" ಅಂದೆ. ಅವ್ರು ತಲೆ ಎತ್ತಿ "ಏನ್ ಅರ್ಥ ಆಯ್ತು ನಿಮಗೆ?" ಅಂದ್ರು. ರೇಗಿ ಕೇಳಿದ್ದಲ್ಲ, ಮೆಲ್ಲಗೇ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ಅವ್ರು ಅಷ್ಟು ಹೊತ್ತು ಹೇಳಿದ್ದನ್ನ ನಾನು ಕೇಳಿಸ್ಕೊಂಡೇ ಇರ್ಲಿಲ್ಲ, ಮುಂದಿನ ಸಾಲು ಯಾವ್ದು ಅಂತ ನೆನಪು ಮಾಡ್ಕೊಳ್ತಾ ಕೂತಿದ್ದೆ. ಮೇಜಿನ ಮೇಲೆ ಟಿಶ್ಯೂ ಡಬ್ಬ ನನ್ನ ಕೈಗೆ ಸಿಗೋ ಹಾಗೇ ಇತ್ತು, ಅದನ್ನ ಅವ್ರ ಕಡೆ ಸರಿಸ್ಬೇಕು ಅಂತ ಹೊಳೆದಿದ್ದು ಹೊರಗೆ ಬಂದ್ಮೇಲೆ.

ಇನ್ನೊಂದ್ರಲ್ಲಿ ಎಥಿಕ್ಸ್. ಆಟಾನಮಿ (ರೋಗಿಯ ಸ್ವಂತ ನಿರ್ಧಾರ), ಬೆನಿಫಿಸೆನ್ಸ್ (ಒಳ್ಳೇದು ಮಾಡೋದು), ನಾನ್‌ಮೆಲಿಫಿಸೆನ್ಸ್ (ಕೆಟ್ಟದ್ದು ಮಾಡದೇ ಇರೋದು), ಜಸ್ಟಿಸ್ (ಎಲ್ರಿಗೂ ನ್ಯಾಯ) ಅಂತ ಡಾಕ್ಟರ್‌ಗಳ ಎಥಿಕ್ಸ್‌ನ ನಾಲ್ಕೂ ತತ್ವ ಪಟಪಟ ಹೇಳ್ದೆ. ಎದುರಿಗಿದ್ದವ್ರು "ಸರಿ, ಈಗ ನೀವೇನ್ ಮಾಡ್ತೀರಾ?" ಅಂದ್ರು. ಆಮೇಲೆ ಅರ್ಥ ಆಗಿದ್ದು ಏನಂದ್ರೆ ಆ ಪ್ರಶ್ನೆಗಳನ್ನ ಮಾಡೋದೇ ಆ ನಾಲ್ಕರಲ್ಲಿ ಎರಡು ಒಂದಕ್ಕೊಂದು ಡಿಕ್ಕಿ ಹೊಡೆಯೋ ಹಾಗೆ, ರೋಗಿ ಬೇಡ ಅಂತಿರೋ ಚಿಕಿತ್ಸೇನೇ ರೋಗಿಗೆ ಒಳ್ಳೇದು ಅಂತ ಡಾಕ್ಟರ್‌ಗೆ ಗೊತ್ತಿದ್ರೆ ಏನು, ಅನ್ನೋ ಥರ. ಯಾವ್ದಕ್ಕೆ ಹೆಚ್ಚು ಬೆಲೆ ಕೊಡ್ತೀರಾ, ಯಾಕೆ, ಅವ್ರು ಇನ್ನೊಂದು ವಿಷಯ ಸೇರಿಸಿದ್ರೆ ನಿಮ್ಮ ನಿರ್ಧಾರ ಬದಲಾಗುತ್ತಾ, ಇದನ್ನೇ ನೋಡೋದು. ನಾನು ಅದೇ ನಾಲ್ಕು ಹೆಸರು ಮತ್ತೆ ಹೇಳ್ದೆ.

ಇದಕ್ಕಿಂತ ದೊಡ್ಡ ತಪ್ಪು ಅಂದ್ರೆ ಆ ರೋಲ್ ಪ್ಲೇಯನ್ನ ತಲೇಲಿ ಹೊತ್ಕೊಂಡೇ ಉಳಿದ ರೂಮುಗಳಿಗೂ ಹೋಗಿದ್ದು. ಎಂಎಂಐಲಿ ಪ್ರತಿ ಸ್ಟೇಷನ್‌ಗೂ, ಅಂದ್ರೆ ಪ್ರತಿ ರೂಮಿಗೂ, ಮಾರ್ಕ್ಸ್ ಹಾಕೋರು ಬೇರೆ, ಹಿಂದಿನ ರೂಮಲ್ಲಿ ನೀವು ಹಾಳು ಮಾಡಿದ್ದು ಅವ್ರಿಗೆ ಗೊತ್ತೇ ಇರಲ್ಲ. ಇದನ್ನ ಒಂದೇ ಒಂದು ಸಲ ಯಾರಾದ್ರೂ ಹೇಳಿದ್ರೆ ನನ್ನ ಅರ್ಧ ದಿನ ಉಳೀತಿತ್ತು.

ಇನ್ನೊಂದು ವಿಷಯ, ಇಂಟರ್‌ವ್ಯೂ ಹಿಂದಿನ ರಾತ್ರಿ ಅದೇ ಕೋಚ್ "ಹೋದ ವರ್ಷದ ಒರಿಜಿನಲ್ ಪ್ರಶ್ನೆ ಇದೆ, ಎಕ್ಸ್‌ಟ್ರಾ ಕೊಟ್ರೆ ಕಳಿಸ್ತೀನಿ" ಅಂತ ಮೆಸೇಜ್ ಹಾಕಿದ್ರು. ನಾನು ತಗೊಳ್ಳಲಿಲ್ಲ, ನೀವೂ ಮುಟ್ಬೇಡಿ. ಒಳಗೆ ಹೋಗಿಬಂದೋರು ಗೌಪ್ಯತೆಗೆ ಸೈನ್ ಹಾಕಿರ್ತಾರೆ, ಸೋರಿದ ಪ್ರಶ್ನೆ ಇಟ್ಕೊಂಡು ಸಿಕ್ಕಿಬಿದ್ರೆ ನಿಮ್ಮ ಅಪ್ಲಿಕೇಶನ್ನೇ ಹೋಗ್ಬಹುದು.

ರಿಫಂಡ್ ಕೇಳಿದ್ದಕ್ಕೆ "ಸೀಟ್ ಗ್ಯಾರಂಟಿ ಅಂತ ನಾವು ಹೇಳಿರ್ಲಿಲ್ಲ" ಅಂತ ಒಂದು ಸಾಲು ಬಂತು, ಆಮೇಲೆ ಬ್ಲಾಕ್. ಕೋಚಿಂಗ್ ಬೇಕೇ ಬೇಕು ಅನ್ಸಿದ್ರೆ ಮೊದ್ಲೇ ಕೇಳಿ, ನನ್ನ ಉತ್ತರ ಕೇಳಿ ತಿದ್ದುತ್ತೀರಾ, ಇಲ್ಲ ನಿಮ್ಮ ಉತ್ತರ ಕೊಡ್ತೀರಾ ಅಂತ. ಸ್ಯಾಂಪಲ್ ಸನ್ನಿವೇಶಗಳನ್ನ ಎಷ್ಟೋ ಕಾಲೇಜ್‌ನವ್ರೇ ಫ್ರೀಯಾಗಿ ಹಾಕಿರ್ತಾರೆ.

ನಾನು ಮತ್ತೆ ಅಪ್ಲೈ ಮಾಡ್ತಿದೀನಿ. ಅಷ್ಟೇನೂ ಪರಿಚಯ ಇಲ್ದಿರೋ ಒಬ್ರು ದಿನಾ ಒಂದು ಸನ್ನಿವೇಶ ಕೊಡ್ತಾರೆ, ಫೋನಲ್ಲಿ ಟೈಮರ್ ಇಟ್ಟು 2 ನಿಮಿಷ ಓದಿ ಮಾತಾಡ್ತೀನಿ, ಅವ್ರು ಮಧ್ಯದಲ್ಲಿ ತಡೆದು ಏನಾದ್ರೂ ಕೇಳ್ತಾರೆ, ರೆಕಾರ್ಡ್ ಮಾಡಿ ಆಮೇಲೆ ಕೇಳಿಸ್ಕೊಳ್ತೀನಿ. ಆ ಪಿಡಿಎಫ್ ಕಳಿಸಿ ಅಂತ ಮಾತ್ರ ಯಾರೂ ಕೇಳ್ಬೇಡಿ, ಡಿಲೀಟ್ ಮಾಡಿದೀನಿ.