14 ಎಂಎಂ ದಪ್ಪ ಅಂದ ಕೂಡಲೇ ತಲೆ ಆಡಿಸಬೇಡಿ: ನನ್ನ ಎಂಜಿನಿಯರ್ಡ್ ವುಡ್ ಫ್ಲೋರಿಂಗ್ ಕಥೆ

ಮನೆಯ ನೆಲಕ್ಕೆ ಎಂಜಿನಿಯರ್ಡ್ ಹಾರ್ಡ್‌ವುಡ್ (ಪ್ಲೈವುಡ್ ಮೇಲೆ ಅಸಲಿ ಮರದ ಪದರ ಅಂಟಿಸಿದ ಹಲಗೆ) ಹಾಕಿಸಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಶೋರೂಮಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಮುಂದೆ ಗೀರು ಬಿದ್ದರೆ ಉಜ್ಜಿಸಿ ಮತ್ತೆ ಪಾಲಿಶ್ ಮಾಡಿಸಬಹುದಾ? ಅದಕ್ಕೆ ಬಂದ ಉತ್ತರ: "ಸಾರ್, ಇದು 14 ಎಂಎಂ ದಪ್ಪ. ಅಸಲಿ ಓಕ್. ಲ್ಯಾಮಿನೇಟ್ ಅಲ್ಲ." ಪ್ರಶ್ನೆ ಒಂದು, ಉತ್ತರ ಇನ್ನೊಂದು. ಅಷ್ಟು ವಿಶ್ವಾಸದಿಂದ ಹೇಳಿದರೆ ಯಾರಾದರೂ ಹೌದು ಅಂತಲೇ ತಿಳಿಯುತ್ತಾರೆ, ಅಲ್ವಾ? ಸ್ಯಾಂಪಲ್ ಹಲಗೆಗಳೆಲ್ಲ ಬೋರ್ಡಿಗೆ ಅಂಟಿಸಿದ್ದವು, ಸುತ್ತ ಚೌಕಟ್ಟು. ಅಂಚು ಕಾಣುವುದೇ ಇಲ್ಲ. ಅದು ಚಂದಕ್ಕೆ ಮಾಡಿದ ಚೌಕಟ್ಟು ಅಲ್ಲ ಅಂತ ಈಗ ನನಗೆ ಖಾತ್ರಿ.

ಹಾಕಿಸಿದ ಸ್ವಲ್ಪ ಕಾಲಕ್ಕೇ ಕುರ್ಚಿ ಎಳೆದು ಉದ್ದ ಗೀರು ಬಿತ್ತು. ಹೊರಗಿನ ಒಬ್ಬ ಪಾಲಿಶ್‌ನವರನ್ನು ಕರೆಸಿದೆ. ಅವರು ಮಷಿನ್ ಮುಟ್ಟಲೇ ಇಲ್ಲ. ಬಾಗಿಲ ಹತ್ತಿರದ ಪಟ್ಟಿ ಬಿಚ್ಚಿ, ಹಲಗೆ ಕತ್ತರಿಸಿದ ಅಂಚಿಗೆ ಟಾರ್ಚ್ ಹಿಡಿದು, "ಬನ್ನಿ, ನೀವೇ ನೋಡಿ" ಅಂದರು. ಮೇಲೆ ಉಗುರಿನಷ್ಟು ದಪ್ಪ ಓಕ್. ಅದರ ಕೆಳಗೆ ಪೂರ್ತಿ ಪ್ಲೈವುಡ್. ಪೂರ್ತಿ! ಅಳೆದರೆ ಮೇಲ್ಪದರ 0.6 ಎಂಎಂ. "ಇದನ್ನು ಉಜ್ಜಿದರೆ ಪ್ಲೈವುಡ್ ಹೊರಗೆ ಬರುತ್ತೆ" ಅಂತ ಹೇಳಿ ಪಟ್ಟಿ ವಾಪಸ್ ಕೂರಿಸಿದರು. ಮನೆಯವರೆಲ್ಲ ಅಲ್ಲೇ ನಿಂತಿದ್ದರು. ಅಷ್ಟು ದಿನ ಬಂದ ನೆಂಟರಿಗೆಲ್ಲ "ಅಸಲಿ ಮರ" ಅಂತ ತೋರಿಸಿದ್ದವನು ನಾನೇ. ಮುಖ ಎಲ್ಲಿಡಲಿ?

ವಿಷಯ ಇಷ್ಟೇ. ಕೆಳಗೆ ಪ್ಲೈವುಡ್ ಇರೋದು ತಪ್ಪಲ್ಲ, ಎಂಜಿನಿಯರ್ಡ್ ಅಂದರೆ ಅದೇ. ಆದರೆ ಒಂದು ಸಲ ಮಷಿನ್‌ನಲ್ಲಿ ಉಜ್ಜಿದರೆ ಸುಮಾರು ಅರ್ಧದಿಂದ 1 ಎಂಎಂ ಮರ ಹೋಗುತ್ತದೆ. ಮೇಲ್ಪದರ 3-4 ಎಂಎಂ ಇದ್ದರೆ ಒಂದೆರಡು ಸಲ ಉಜ್ಜಿಸಬಹುದು. 2 ಎಂಎಂಗಿಂತ ಕಡಿಮೆ ಇದ್ದರೆ ಆ ಯೋಚನೆ ಬಿಡಬೇಕು. ಒಟ್ಟು ದಪ್ಪ 14 ಇರಲಿ 20 ಇರಲಿ, ಲೆಕ್ಕಕ್ಕೆ ಬರೋದು ಮೇಲ್ಪದರ ಮಾತ್ರ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಶೋರೂಮಿನವರು ನನಗೆ ಹೇಳಿದ್ದರು.

ಶೋರೂಮಿಗೆ ಫೋನ್ ಮಾಡಿದೆ. "ಸಾರ್, ನೀವು ದಪ್ಪ ಕೇಳಿದ್ರಿ, ನಾವು ದಪ್ಪ ಹೇಳಿದ್ವಿ." ನಾನು ದಪ್ಪ ಕೇಳಿಯೇ ಇಲ್ಲ! ಅಸಲಿ ಓಕ್ ಅಂದಿರಲ್ಲ ಅಂದರೆ, "ಮೇಲಿರೋದು ಓಕ್ ಮರವೇ ತಾನೇ ಸಾರ್?" ಹೌದು, ಓಕ್ ಮರವೇ. ಅದಕ್ಕೇ ಮೈ ಉರಿಯೋದು. ಒಂದು ಸುಳ್ಳೂ ಹೇಳದೆ ಮೋಸ ಮಾಡಿದ್ದಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ತೇವದ ದಿನಗಳು ಬಂದವು, ಒಂದು ಗೋಡೆಯ ಪಕ್ಕದ ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾಯಿತು. ಬರಿಗಾಲಲ್ಲಿ ನಡೆದರೆ ಏಣು ಏಣು ಸಿಗುತ್ತದೆ. ಕೆಳಗಿನ ಕಾಂಕ್ರೀಟಿನಿಂದ ತೇವ ಏರಿದರೆ ಹೀಗಾಗುತ್ತದೆ. ಹಲಗೆಗಳನ್ನು ಹಾಕುವ ಕೋಣೆಯಲ್ಲೇ ಎರಡು ಮೂರು ದಿನ ಇಟ್ಟು ಆಮೇಲೆ ಹಾಕಬೇಕು, ನೆಲದ ತೇವ ಮೀಟರಿನಲ್ಲಿ ನೋಡಬೇಕು. ಇವರ ಫಿಟ್ಟರ್ ಬೆಳಗ್ಗೆ ಬಂದ, ಬಾಕ್ಸ್ ಒಡೆದ, ಹಾಕಲು ಶುರು ಮಾಡಿದ. ಮೀಟರೂ ಇಲ್ಲ, ಮಣ್ಣೂ ಇಲ್ಲ.

ಮಾರುವಾಗ ಹೇಳಿದ್ದು: "ಎಂಜಿನಿಯರ್ಡ್ ಸಾರ್, ಉಬ್ಬೋದೇ ಇಲ್ಲ." ದೂರು ಕೊಟ್ಟಾಗ ಹೇಳಿದ್ದು: "ಮರ ಅಂದಮೇಲೆ ಸ್ವಲ್ಪ ಉಬ್ಬುತ್ತೆ ಸಾರ್, ಅದು ನ್ಯಾಚುರಲ್." ಅದೇ ಮನುಷ್ಯ, ಅದೇ ನಗು! ಪದರಗಳನ್ನು ಅಡ್ಡಡ್ಡ ಅಂಟಿಸಿರುವುದರಿಂದ ಉಬ್ಬುವುದು ಕಡಿಮೆ ಆಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ವಾರಂಟಿ ಕೇಳಿದರೆ, ಮನೆಯೊಳಗಿನ ತೇವಾಂಶ 35ರಿಂದ 55 ಪರ್ಸೆಂಟ್ ಒಳಗೇ ಇತ್ತು ಅನ್ನೋದಕ್ಕೆ ದಾಖಲೆ ಕೊಡಿ ಅಂತಾರೆ. ಯಾರ ಮನೆಯಲ್ಲಿ ತೇವಾಂಶದ ಡೈರಿ ಬರೆದಿಡುತ್ತಾರೆ ಸ್ವಾಮಿ? ಫಿಟ್ಟರ್ ಅಂಗಡಿಯವರನ್ನು ಕೇಳಿ ಅಂತಾನೆ. ಅಂಗಡಿಯವರು, ಅವನು ನಮ್ಮವನಲ್ಲ ಅಂತಾರೆ. ಕಳಿಸಿದ್ದು ಇವರೇ!

ನೀವಾದರೂ ಹೀಗೆ ಮಾಡಿ. ಬಿಡಿ ಹಲಗೆ ಕೈಗೆ ಕೊಡಿ ಅನ್ನಿ, ಅಂಚು ನೋಡಿ. ಕೊಡದಿದ್ದರೆ ಎದ್ದು ಬನ್ನಿ. ಮೇಲ್ಪದರ ಎಷ್ಟು ಎಂಎಂ ಅಂತ ಬಿಲ್ಲಿನಲ್ಲೇ ಬರೆಸಿ, ಬಾಯಿಮಾತು ಬೇಡ. ಹಾಕುವ ಮುಂಚೆ ತೇವದ ರೀಡಿಂಗ್ ಫೋಟೋ ತೆಗೆದಿಟ್ಟುಕೊಳ್ಳಿ. ಮೀಟರ್ ಇಲ್ಲ ಅಂದರೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದು ಪೂರ್ತಿ ದಿನ ಬಿಡಿ, ಆಮೇಲೆ ಒಳಗೆ ಹನಿ ಕಟ್ಟಿದ್ದರೆ ಕೆಲಸ ನಿಲ್ಲಿಸಿ. ಮರ ಹಿಗ್ಗಲು ಗೋಡೆ ಪಕ್ಕ ಸುಮಾರು 10 ಎಂಎಂ ಜಾಗ ಬಿಡುತ್ತಾರಾ ನೋಡಿ, ಸ್ಕರ್ಟಿಂಗ್ ಬಂದಮೇಲೆ ಏನೂ ಕಾಣಲ್ಲ. ಫಿಟ್ಟರ್ ಯಾರ ಕಡೆಯವನು ಅನ್ನೋದನ್ನೂ ಬಿಲ್ಲಿನಲ್ಲಿ ಹಾಕಿಸಿ. ನಮ್ಮ ಬಿಲ್ಲಿನಲ್ಲಿ ಇರೋದು "ವುಡನ್ ಫ್ಲೋರಿಂಗ್, ಓಕ್, 14 ಎಂಎಂ", ಅಷ್ಟೇ.