ಹಳೆಯ ಜೀಪಿನ ಹಾರ್ಡ್‌ಟಾಪ್ ಗಾಜು: ಒತ್ತಿ ಕೂರಿಸುವುದೋ, ದಾರ ಎಳೆಯುವುದೋ, ಲಾಕ್ ಪಟ್ಟಿಯೋ?

ಹಳೆಯ ಜೀಪುಗಳ ಹಾರ್ಡ್‌ಟಾಪ್‌ನಲ್ಲಿ, ಅಂದರೆ ತಗಡಿನ ಗಟ್ಟಿ ಮೇಲ್ಮುಚ್ಚಿಗೆಯಲ್ಲಿ, ಪಕ್ಕದ ಗಾಜುಗಳು ಅಂಟಿನಿಂದಲ್ಲ, ಸುತ್ತಲಿನ ರಬ್ಬರ್ ಪಟ್ಟಿಯಾದ ಬೀಡಿಂಗ್‌ನ ಹಿಡಿತದಿಂದಲೇ ನಿಂತಿರುತ್ತವೆ. ಬೀಡಿಂಗ್‌ನ ಒಂದು ಸಂದಿನಲ್ಲಿ ಗಾಜು ಕೂರುತ್ತದೆ, ಅದರ ಬೆನ್ನಿಗಿರುವ ಇನ್ನೊಂದು ಸಂದಿನಲ್ಲಿ ಕಿಟಕಿಯ ತಗಡಿನ ಅಂಚು ಕೂರುತ್ತದೆ. ಬಣ್ಣ ಹೊಡೆಸಲು ಬಿಚ್ಚಿದ ಗಾಜುಗಳನ್ನು ಮರಳಿ ಕೂರಿಸಲು ಬೆಳಗಾವಿಯ ಗ್ಯಾರೇಜುಗಳಲ್ಲಿ ಮೂರು ರೀತಿಗಳನ್ನು ಸೂಚಿಸುತ್ತಾರೆ. ನಮ್ಮ ಮನೆಯ ಮಹೀಂದ್ರಾ ಜೀಪಿನ ಬೇರೆ ಬೇರೆ ಕಿಟಕಿಗಳ ಮೇಲೆ ಮೂರನ್ನೂ ಮಾಡಿ ನೋಡಿದ್ದೇನೆ.

ಮೊದಲನೆಯದರಲ್ಲಿ ಬೀಡಿಂಗ್ ಅನ್ನು ತಗಡಿಗೆ ತೊಡಿಸಿ, ಬಳಿಕ ಗಾಜಿನ ಕೆಳಭಾಗವನ್ನು ಸಂದಿಗೆ ಇಳಿಸಿ, ಉಳಿದ ಸುತ್ತಿನ ರಬ್ಬರನ್ನು ಚಪ್ಪಟೆ ಪಟ್ಟಿಯಿಂದ ಎತ್ತುತ್ತ ಗಾಜನ್ನು ಒಳಗೆ ಒತ್ತುತ್ತಾರೆ. ನೇರ ಬದಿಗಳಲ್ಲಿ ಇದು ಬೇಗ ಮುಗಿಯುತ್ತದೆ. ಮೂಲೆಗೆ ಬಂದಾಗ ರಬ್ಬರ್ ಬಿಗಿಯುತ್ತದೆ, ಕೈಯ ಒತ್ತಡವೆಲ್ಲ ಗಾಜಿನ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಟಫನ್ಡ್ ಗಾಜು (ಕಾಯಿಸಿ ಗಟ್ಟಿಗೊಳಿಸಿದ್ದು) ನಡುವಿನಲ್ಲಿ ಎಷ್ಟು ಗಟ್ಟಿಯೋ ಅಂಚಿನಲ್ಲಿ ಅಷ್ಟೇ ನಾಜೂಕು. ಸ್ಕ್ರೂಡ್ರೈವರ್‌ನ ತುದಿ ಅಂಚಿಗೆ ಗಟ್ಟಿಯಾಗಿ ತಾಗಿದರೆ ಇಡೀ ಗಾಜು ಪುಡಿಪುಡಿಯಾಗಬಹುದು. ಹೀಗಾಗಿ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯ ಹೊರತು ಬೇರೇನನ್ನೂ ಬಳಸಬಾರದು. ಸಣ್ಣ ಚೌಕದ ಗಾಜಿಗೆ ಈ ರೀತಿ ಸಾಕು, ದೊಡ್ಡ ಗಾಜಿಗೆ ನಾನು ಇದನ್ನು ಒಪ್ಪುವುದಿಲ್ಲ.

ಎರಡನೆಯದು ದಾರದ ರೀತಿ. ಇಲ್ಲಿ ಬೀಡಿಂಗ್ ಅನ್ನು ಮೊದಲು ಗಾಜಿನ ಸುತ್ತ ತೊಡಿಸಿ, ತಗಡು ಕೂರಬೇಕಾದ ಸಂದಿನೊಳಗೆ ಮೂರು-ನಾಲ್ಕು ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ದಾರವನ್ನು ಸುತ್ತಲೂ ಇಟ್ಟು, ಅದರ ಎರಡು ತುದಿಗಳು ಕೆಳಬದಿಯ ನಡುವೆ ಒಂದು ಗೇಣಿನಷ್ಟು ಒಂದರ ಮೇಲೊಂದು ಬರುವಂತೆ ಮಾಡಿ, ತುದಿಗಳನ್ನು ಗಾಡಿಯ ಒಳಗೆ ಇಳಿಬಿಡಬೇಕು. ಹೊರಗಿನಿಂದ ಒಬ್ಬರು ಅಂಗೈಯಿಂದ ಗಾಜನ್ನು ಒತ್ತುತ್ತಿರಬೇಕು, ಒಳಗಿರುವವರು ದಾರವನ್ನು ಗಾಜಿನ ನಡುಭಾಗದ ಕಡೆಗೆ ನಿಧಾನವಾಗಿ ಎಳೆಯಬೇಕು. ದಾರ ಬಿಡಿಸಿಕೊಳ್ಳುತ್ತ ಬಂದಂತೆ ರಬ್ಬರಿನ ಒಳಸೆರಗು ತಗಡನ್ನು ದಾಟಿ ಈಚೆಗೆ ಮಡಚಿಕೊಳ್ಳುತ್ತದೆ. ಅಂಚಿನ ಗುಂಟ ಎಳೆದರೆ ಸೆರಗು ಹರಿಯುತ್ತದೆ. ಸುತಳಿಯಂಥ ಒರಟು ದಾರವಾಗಲಿ ತೆಳುವಾದ ದಾರವಾಗಲಿ ರಬ್ಬರನ್ನು ಕೊಯ್ಯುತ್ತದೆ. ಇಬ್ಬರು ಬೇಕು, ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳುತ್ತಿರಬೇಕು ಎಂಬುದನ್ನು ಬಿಟ್ಟರೆ ಇದರಲ್ಲಿ ನನಗೆ ಕೊರತೆ ಕಾಣಲಿಲ್ಲ. ಒತ್ತಡ ಸುತ್ತಲೂ ಹಂಚಿಹೋಗುವುದರಿಂದ ಮೂಲೆಗಳು ತಾವಾಗಿ ಕೂತವು.

ಮೂರನೆಯದು ಲಾಕ್ ಪಟ್ಟಿಯ ಬೀಡಿಂಗ್, ಅದನ್ನು ಹಿಂದಿನ ಗಾಜಿಗೆ ಹಾಕಿಸಿದೆ. ಸಡಿಲವಾದ ರಬ್ಬರಿನಲ್ಲಿ ಗಾಜನ್ನು ಇಟ್ಟು, ಬಳಿಕ ಬೇರೊಂದು ಪಟ್ಟಿಯನ್ನು ವಿಶೇಷ ಹಿಡಿಕೆಯಿಂದ ನಡುವಿನ ಸಂದಿಗೆ ತುಂಬಿದರೆ ಬೀಡಿಂಗ್ ಬಿಗಿಯಾಗುತ್ತದೆ. ಒಬ್ಬರೇ ಮಾಡಬಹುದು, ಮುಂದೆ ಬಿಚ್ಚುವುದೂ ಸುಲಭ. ಆದರೆ ಪಟ್ಟಿ ಹೊರಮುಖವಾಗಿದ್ದರೆ ಕಳ್ಳನಿಗೂ ಅದೇ ಸುಲಭ. ರಾತ್ರಿ ಬೀದಿಯಲ್ಲಿ ನಿಲ್ಲುವ ಗಾಡಿಗೆ ಇದನ್ನು ಹಾಕಿಸಿ ಎಂದು ನಾನು ಹೇಳಲಾರೆ.

ರೀತಿ ಯಾವುದೇ ಇರಲಿ, ಜಾರಿಕೆಗೆ ಏನು ಹಚ್ಚುತ್ತೇವೆ ಎಂಬುದು ಫಲವನ್ನು ಬಹಳ ಬದಲಿಸುತ್ತದೆ. ಗ್ಯಾರೇಜಿನಲ್ಲಿ ಗ್ರೀಸ್ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಇಂದಿನ ಬೀಡಿಂಗ್‌ಗಳಲ್ಲಿ ಹೆಚ್ಚಿನವು ಇಪಿಡಿಎಂ ಎಂಬ ಕೃತಕ ರಬ್ಬರಿನವು. ಗ್ರೀಸಿನಲ್ಲಿರುವ ಪೆಟ್ರೋಲಿಯಂ ಎಣ್ಣೆ ತಾಗಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ಚೆನ್ನಾಗಿ ಜಾರುತ್ತದೆ, ಬೇಗ ಆರಿಹೋಗುತ್ತದೆ. ಗ್ಲಿಸರಿನ್ ಹೆಚ್ಚು ಹೊತ್ತು ಹಸಿಯಾಗಿರುತ್ತದೆ, ರಬ್ಬರಿಗೆ ಕೇಡು ಮಾಡುವುದಿಲ್ಲ. ದಾರದ ಕೆಲಸಕ್ಕೆ ನನಗೆ ಅದೇ ಹಿಡಿಸಿತು. ರಬ್ಬರನ್ನು ಮೊದಲು ಸ್ವಲ್ಪ ಹೊತ್ತು ಬಿಸಿಲಿಗೆ ಇಡುವುದೂ ಒಳ್ಳೆಯದು. ವಿಜಯಪುರದ ಬೇಸಿಗೆಯಲ್ಲಿ ಅದಕ್ಕೆ ಪ್ರಯತ್ನವೇ ಬೇಡ, ಬೆಳಗಾವಿಯ ಜುಲೈನಲ್ಲಿ ಮಾತ್ರ ಬಿಸಿನೀರಿನಲ್ಲಿ ಅದ್ದಬೇಕು.

ಹಳೆಯ ಬೀಡಿಂಗ್ ಅನ್ನೇ ಮರಳಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ದಾರದ ಎಳೆತವನ್ನು ತಾಳುವುದಿಲ್ಲ, ಹೇಗೋ ಕೂತರೂ ಮೂಲೆಯಲ್ಲಿ ಬಾಯಿಬಿಡುತ್ತದೆ. ಮೀಟರ್ ಲೆಕ್ಕದ ಬೀಡಿಂಗ್ ತಂದರೆ ಅದನ್ನು ಬಿಗಿಯಾಗಿ ಎಳೆದು ಕತ್ತರಿಸಬಾರದು, ಕೊಂಚ ಉದ್ದವಾಗಿಯೇ ಬಿಡಬೇಕು. ಇಲ್ಲದಿದ್ದರೆ ರಬ್ಬರ್ ಕಾಲಕ್ರಮದಲ್ಲಿ ಕುಗ್ಗಿದಾಗ ಎರಡು ತುದಿಗಳ ಸೇರಿಕೆ ತೆರೆದುಕೊಳ್ಳುತ್ತದೆ. ಸೇರಿಕೆಯನ್ನು ಮೂಲೆಯಲ್ಲಿಡದೆ ನೇರ ಬದಿಯಲ್ಲಿಡುವುದು ಕ್ಷೇಮ.

ಬೆಳಗಾವಿ, ಖಾನಾಪುರದ ಕಡೆ ಗಾಳಿಯೊಡನೆ ಅಡ್ಡ ಹೊಡೆಯುವ ಮಳೆಗೆ ಬೀಡಿಂಗ್ ಒಂದೇ ಸಾಲದು. ತಗಡಿನ ತುಕ್ಕು ಉಜ್ಜಿ, ಪ್ರೈಮರ್ ಮತ್ತು ಬಣ್ಣ ಪೂರ್ತಿ ಆರಿದ ಮೇಲೆ, ರಬ್ಬರ್ ಮತ್ತು ತಗಡಿನ ನಡುವೆ ಗಟ್ಟಿಯಾಗದ ಬ್ಯುಟೈಲ್ ಸೀಲಂಟ್ (ಸಂದು ಮುಚ್ಚುವ ಅಂಟು) ತುಂಬಿದರೆ ಸಾಕು. ವಿನೆಗರ್ ವಾಸನೆಯ ಸಿಲಿಕೋನ್ ಅಗ್ಗವೇನೋ ಹೌದು, ಆದರೆ ಆರುವಾಗ ಅದು ಬಿಡುವ ಆಮ್ಲ ಬರಿದಾದ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಪಾಲಿಯುರೆಥೇನ್ ಅಂಟು ಎಷ್ಟು ಬಲವಾಗಿ ಹಿಡಿಯುತ್ತದೆಂದರೆ, ಮುಂದೊಮ್ಮೆ ಗಾಜು ಬಿಚ್ಚಬೇಕಾದಾಗ ಬೀಡಿಂಗ್ ಅನ್ನು ಕೊಯ್ದೇ ತೆಗೆಯಬೇಕಾಗುತ್ತದೆ. ನೀರಿನ ಪರೀಕ್ಷೆಗೆ ಪೈಪಿನ ಜೋರು ಧಾರೆಗಿಂತ ಮಾಡಿನ ಮೇಲಿನಿಂದ ಸಣ್ಣಗೆ ಹರಿಯಬಿಟ್ಟ ನೀರೇ ಸರಿ. ಒಳಗೆ ಒಬ್ಬರು ಬ್ಯಾಟರಿ ಹಿಡಿದು ಕೆಳಮೂಲೆಗಳನ್ನು ನೋಡುತ್ತಿರಬೇಕು, ಏಕೆಂದರೆ ನೀರು ಮೇಲೆ ಒಳಬಂದರೂ ಹನಿಯುವುದು ಅಲ್ಲಿಯೇ.