ಸ್ಕ್ಯಾನರ್‌ಗೆ ಲಿಥಿಯಂ ಸೆಲ್ ಹಾಕುವ ಮುನ್ನ ಅದರೊಳಗಿನ ಚಾರ್ಜರ್ ಎಲ್ಲಿದೆ ನೋಡಿ

ಒಬ್ಬರ ಬಳಿ ಮೂರು ಪೆನ್ಸಿಲ್ ಸೆಲ್ ಹಾಕುವ ಕೈಸ್ಕ್ಯಾನರ್ ಇತ್ತು, ಅಂದರೆ ರೇಡಿಯೋ ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕಿ ಕೇಳಿಸುವ ಕೈರೇಡಿಯೋ. ಸೆಲ್‌ಗಳ ಜಾಗದಲ್ಲಿ 103450 ಅಳತೆಯ, ಅಂದರೆ 10 ಮಿ.ಮೀ. ದಪ್ಪ, 34 ಅಗಲ, 50 ಉದ್ದದ ಲಿಥಿಯಂ ಪೌಚ್ (ತೆಳು ಹಾಳೆಯ ಚೀಲದಂಥ ಸೆಲ್) ಒಂದನ್ನು ಕೂರಿಸಿದ್ದರು. ಪೌಚ್‌ನ ತಲೆಯ ಮೇಲಿನ, ಚಾರ್ಜ್ ಮಿತಿಮೀರಿದರೆ ಅಥವಾ ತೀರಾ ಇಳಿದರೆ ಸಂಪರ್ಕ ಕಡಿಯುವ ರಕ್ಷಣಾ ಬೋರ್ಡ್ ಸೇರಿದರೆ ಉದ್ದ ಮೂರು-ನಾಲ್ಕು ಮಿ.ಮೀ. ಹೆಚ್ಚಾಗಿ ಮುಚ್ಚಳ ಕೂರುತ್ತಿರಲಿಲ್ಲ. ಹಾಗಾಗಿ ಬೋರ್ಡ್ ಕತ್ತರಿಸಿ ಬಿಸಾಡಿ, ಎರಡು ತಂತಿಗಳನ್ನು ನೇರವಾಗಿ ಸ್ಕ್ಯಾನರ್‌ನ ಬ್ಯಾಟರಿ ಟರ್ಮಿನಲ್‌ಗಳಿಗೆ ಬೆಸುಗೆ ಹಾಕಿದ್ದರು. ಚಾರ್ಜ್ ಮಾಡುತ್ತಿದ್ದದ್ದು ಹೊರಗಿನ ಲಿಥಿಯಂ ಚಾರ್ಜರ್‌ನಲ್ಲೇ. ಕೆಲವು ವಾರ ಚೆನ್ನಾಗಿ ನಡೆಯಿತು. ಒಂದು ರಾತ್ರಿ ಚಾನೆಲ್ ತುಂಬಿಸಲೆಂದು ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ, ತೆಗೆಯದೆ ಮಲಗಿದರು. ಬೆಳಿಗ್ಗೆ ನೋಡಿದರೆ ಹಿಂಬದಿಯ ಮುಚ್ಚಳ ಕಿತ್ತುಕೊಂಡು ಬಂದಿತ್ತು, ಪೌಚ್ ಉಬ್ಬಿ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಬಗ್ಗಿಸಿತ್ತು, ಡಿಸ್‌ಪ್ಲೇ ಬಿರುಕು ಬಿಟ್ಟಿತ್ತು. ಬೆಂಕಿ ಹತ್ತಲಿಲ್ಲ ಎಂಬುದಷ್ಟೇ ಪುಣ್ಯ.

ತಪ್ಪು ಪೌಚ್‌ನದ್ದಲ್ಲ. ಕೇಬಲ್ ಹಾಕಿದ್ದು ಪ್ರೋಗ್ರಾಮಿಂಗ್‌ಗೆ. ಆದರೆ ಸ್ಕ್ಯಾನರ್‌ಗೆ ಆ ವ್ಯತ್ಯಾಸ ಗೊತ್ತಿಲ್ಲ. ಅನೇಕ ಮಾಡೆಲ್‌ಗಳಲ್ಲಿ ಅದೇ ಸಾಕೆಟ್ಟಿನ 5 ವೋಲ್ಟ್, ಒಳಗಿರುವ ನಿಕಲ್ ಮೆಟಲ್ ಹೈಡ್ರೈಡ್ ಚಾರ್ಜರ್‌ಗೂ ಹೋಗುತ್ತದೆ. ಆ ಚಾರ್ಜರ್ ತೀರಾ ಸರಳ: ನಿಗದಿತ ಕರೆಂಟ್ ಬಿಡುವುದು, ಟೈಮರ್ ಮುಗಿದಾಗ ನಿಲ್ಲಿಸುವುದು. ನಿಕಲ್ ಸೆಲ್ ತುಂಬಿದ ಮೇಲೂ ಸಣ್ಣ ಕರೆಂಟನ್ನು ಶಾಖವಾಗಿ ಕಳೆದುಕೊಂಡು ತಾಳಿಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಇಷ್ಟು ಸಾಕು. ಲಿಥಿಯಂ ಸೆಲ್‌ಗೆ ಆ ತಾಳ್ಮೆಯಿಲ್ಲ. 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟ್ ತಾನಾಗಿ ಇಳಿಯಲು ಬಿಟ್ಟು, ಕೊನೆಗೆ ಪೂರ್ತಿ ಕಡಿಯಬೇಕು. ಮೂರು ನಿಕಲ್ ಸೆಲ್‌ಗಳ ಸಾಲು ಚಾರ್ಜ್ ಆಗುವಾಗ 4.4 ವೋಲ್ಟ್ ದಾಟುವುದು ಸಹಜ, ಆದ್ದರಿಂದ ಅದಕ್ಕಾಗಿ ಮಾಡಿದ ಸರ್ಕ್ಯೂಟ್ 4.2ರಲ್ಲಿ ನಿಲ್ಲುವ ಪ್ರಶ್ನೆಯೇ ಇಲ್ಲ. ಕರೆಂಟ್ 150 ಮಿಲಿಆಂಪ್ ಎಂದಿಟ್ಟುಕೊಂಡರೂ, ಮೊದಲೇ ತುಂಬಿದ್ದ 1800 ಮಿಲಿಆಂಪ್-ಅವರ್ ಪೌಚ್‌ಗೆ ಎಂಟು ಗಂಟೆಯಲ್ಲಿ ಇನ್ನೂ 1200 ತುರುಕಿದಂತಾಯಿತು. ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಎಲೆಕ್ಟ್ರೋಲೈಟ್ ಒಡೆದು ಗ್ಯಾಸ್ ಆಗುತ್ತದೆ, ಪೌಚ್ ಊದುತ್ತದೆ.

ರಕ್ಷಣಾ ಬೋರ್ಡ್ ಇದ್ದಿದ್ದರೆ? ಸಾಮಾನ್ಯ ಬೋರ್ಡ್‌ಗಳಲ್ಲಿರುವ ಡಿಡಬ್ಲ್ಯು01 ಚಿಪ್ 4.3 ವೋಲ್ಟ್ ಹತ್ತಿರ ಕಡಿಯುತ್ತದೆ, ಊದುವುದು ಬಹುಶಃ ತಪ್ಪುತ್ತಿತ್ತು. ಆದರೂ ಅದು ಕೊನೆಯ ತಡೆ, ಚಾರ್ಜರ್ ಅಲ್ಲ. ದಿನವೂ 4.3ಕ್ಕೆ ಏರಿಸಿ ನಿಲ್ಲಿಸಿದರೆ ಸೆಲ್ ಬೇಗ ಹಾಳಾಗುತ್ತದೆ.

ಆದ್ದರಿಂದ ಬೆಸುಗೆ ಕಡ್ಡಿ ಹಿಡಿಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಸೆಲ್‌ಗಳನ್ನೆಲ್ಲ ತೆಗೆದು, ಯುಎಸ್‌ಬಿ ಅಥವಾ ಅಡಾಪ್ಟರ್ ಸಿಕ್ಕಿಸಿ, ಬ್ಯಾಟರಿ ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. ಏನಾದರೂ ಕಂಡರೆ ಚಾರ್ಜಿಂಗ್ ದಾರಿ ತೆರೆದಿದೆ ಎಂದರ್ಥ. ಏನೂ ಕಾಣದಿದ್ದರೂ ನಂಬಬೇಡಿ. ಕೆಲವು ಸರ್ಕ್ಯೂಟ್‌ಗಳು ಸೆಲ್ ಇದ್ದರೆ ಮಾತ್ರ ಶುರುವಾಗುತ್ತವೆ. ನಿಕಲ್ ಸೆಲ್ ಹಾಕಿ, ಸರಣಿಯಲ್ಲಿ ಮೀಟರ್ ಇಟ್ಟು, ಕರೆಂಟ್ ಸೆಲ್‌ನ ಒಳಕ್ಕೆ ಹೋಗುತ್ತಿದೆಯೇ ನೋಡಿ. ಸ್ಕ್ಯಾನರ್ ಆನ್ ಇದ್ದಾಗೊಮ್ಮೆ, ಆಫ್ ಇದ್ದಾಗೊಮ್ಮೆ.

ಚಾರ್ಜ್ ಮಾಡಬಾರದ ಸೆಲ್‌ಗೆ ಕರೆಂಟ್ ನುಗ್ಗುವ ಅಪಾಯವನ್ನು ತಯಾರಕರೂ ಬಲ್ಲವರೇ. ಯೂನಿಡೆನ್ ಬಿಸಿ125ಎಟಿಯ ಬ್ಯಾಟರಿ ಗೂಡಿನೊಳಗೆ ಆಲ್ಕಲೈನ್-ನಿಕಲ್ ಎಂದು ಆರಿಸುವ ಪುಟ್ಟ ಸ್ವಿಚ್ ಇದೆ. ರೇಡಿಯೋಶಾಕ್‌ನ ಪ್ರೊ-106ರ ಜೊತೆ ಎರಡು ಹೋಲ್ಡರ್ ಬರುತ್ತಿದ್ದವು: ಆಲ್ಕಲೈನ್‌ಗೆ ಕಪ್ಪು, ರೀಚಾರ್ಜ್ ಸೆಲ್‌ಗೆ ಹಳದಿ, ಹಳದಿ ಕೂರಿಸಿದಾಗಲೇ ಚಾರ್ಜಿಂಗ್ ಸಂಪರ್ಕ ಕೂಡುವುದು. ರೀಚಾರ್ಜ್ ಸೆಲ್ ಎಂದಾಕ್ಷಣ ಲಿಥಿಯಂ ಅನ್ನೂ ಹಳದಿಯಲ್ಲಿ ಹಾಕುವವರಿದ್ದಾರೆ. ಹಾಕಬಾರದು. ಸ್ವಿಚ್ ಆಲ್ಕಲೈನ್ ಕಡೆಗಿದ್ದರೂ ಅದೊಂದನ್ನೇ ನೆಚ್ಚಬೇಡಿ, ಉಗುರು ತಾಗಿದರೆ ಸರಿದುಬಿಡುತ್ತದೆ.

ಖಚಿತ ಉಪಾಯ ಒಂದು ಡಯೋಡ್. ಲಿಥಿಯಂ ಸೆಲ್‌ನ ಪ್ಲಸ್ ತಂತಿಯಲ್ಲಿ 1ಎನ್5817 ಶಾಟ್ಕಿ ಡಯೋಡನ್ನು ಸರಣಿಯಾಗಿ ಹಾಕಿ, ಪಟ್ಟೆ ಇರುವ ತುದಿ ಸ್ಕ್ಯಾನರ್ ಕಡೆಗೆ. ಕರೆಂಟ್ ಹೊರಗೆ ಹೋಗುತ್ತದೆ, ವಾಪಸು ಬರುವುದಿಲ್ಲ. ಸುಮಾರು 0.3 ವೋಲ್ಟ್ ನಷ್ಟ. ಮೂರು ಸೆಲ್ಲಿನ ಸ್ಕ್ಯಾನರ್‌ಗೆ ಅದು ತೊಂದರೆಯಲ್ಲ, ಸೆಟ್ ಸ್ವಲ್ಪ ಮೊದಲೇ ಆಫ್ ಆಗಿ ಸೆಲ್ ಉಳಿಯುತ್ತದೆ. ರಕ್ಷಣಾ ಬೋರ್ಡ್ ಇರಲೇಬೇಕು, ಏಕೆಂದರೆ ಆಫ್ ಮಾಡಿದ ಸ್ಕ್ಯಾನರ್ ಕೂಡ ಸಣ್ಣಗೆ ಕರೆಂಟ್ ಹೀರುತ್ತಿರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಸೆಲ್ 2.5 ವೋಲ್ಟ್‌ಗಿಂತ ಬಹಳ ಕೆಳಗಿಳಿದು, ಒಳಗಿನ ತಾಮ್ರ ಕರಗಿ, ಮುಂದಿನ ಚಾರ್ಜ್‌ನಲ್ಲಿ ಶಾರ್ಟ್ ಆಗಬಹುದು. ಪೌಚ್‌ನ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಟರ್ ಬಾಯಲ್ಲೇ ಶಾರ್ಟ್.

ಚಾರ್ಜಿಂಗ್‌ಗೆ ಟಿಪಿ4056 ಎಂಬ ಲಿಥಿಯಂ ಚಾರ್ಜರ್ ಚಿಪ್ ಇರುವ ಪುಟ್ಟ ಬೋರ್ಡ್ ಸಾಕು. ಅಂಗಡಿಯಲ್ಲಿ ಸಿಗುವ ಬೋರ್ಡ್‌ನಲ್ಲಿ 1.2 ಕಿಲೋಓಮ್ ರೆಸಿಸ್ಟರ್ ಇರುತ್ತದೆ, ಅಂದರೆ ಚಾರ್ಜಿಂಗ್ ಕರೆಂಟ್ 1 ಆಂಪ್. 1800ರ ಪೌಚ್‌ಗೆ ಸರಿ, ಆದರೆ ಪೆನ್ಸಿಲ್ ಸೆಲ್ಲಿನಷ್ಟೇ ಗಾತ್ರದ, 800ರ 14500 ಲಿಥಿಯಂ ಸೆಲ್‌ಗೆ ಜಾಸ್ತಿ. 3 ಕಿಲೋಓಮ್ ಹಾಕಿದರೆ 400 ಮಿಲಿಆಂಪ್‌ಗೆ ಇಳಿಯುತ್ತದೆ. 1 ಆಂಪ್‌ನಲ್ಲಿ ಆ ಚಿಪ್ ಒಂದು ವ್ಯಾಟ್‌ಗೂ ಹೆಚ್ಚು ಶಾಖ ಬಿಡುವುದರಿಂದ ಅದನ್ನು ಪೌಚ್‌ಗೆ ಅಂಟಿಸಬೇಡಿ. ಸ್ಕ್ಯಾನರ್ ಆನ್ ಮಾಡಿಕೊಂಡು ಚಾರ್ಜ್ ಮಾಡಲೂಬೇಡಿ: ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಿಪ್ ನಿಲ್ಲಬೇಕು, ಸ್ಕ್ಯಾನರ್ ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಅದು ನಿಲ್ಲುವುದೇ ಇಲ್ಲ.

ನಾಲ್ಕು ಸೆಲ್ಲಿನ ಸೆಟ್‌ಗಳಲ್ಲಿ ಲೆಕ್ಕ ಬೇರೆ. ನಾಲ್ಕೂ ಜಾಗದಲ್ಲಿ ಪೂರ್ತಿ ಚಾರ್ಜ್ ಆದ 14500 ಹಾಕಿದರೆ 16.8 ವೋಲ್ಟ್, ಹೊಸ ಆಲ್ಕಲೈನ್ ನಾಲ್ಕು ಸೇರಿ ಕೊಡುವುದು 6.4ರ ಆಸುಪಾಸು. ಸೆಟ್ ಮುಗಿಯಿತು. ಎರಡು ಲಿಥಿಯಂ, ಎರಡು ಡಮ್ಮಿ (ಜಾಗ ತುಂಬಿ ಕರೆಂಟನ್ನು ಬರೀ ದಾಟಿಸುವ ಹುಸಿ ಸೆಲ್) ಹಾಕಿದರೂ 8.4, ಅದೂ ಜಾಸ್ತಿಯೇ. ಒಂದೇ ಸೆಲ್ ಹಾಕಿ ಎಂಟಿ3608 ಬೂಸ್ಟ್ ಬೋರ್ಡ್‌ನಿಂದ 6ಕ್ಕೆ ಏರಿಸಿದರೆ ವೋಲ್ಟೇಜ್ ಸರಿಹೋಗುತ್ತದೆ, ಸ್ಕ್ಯಾನರ್‌ನ ಕಿವಿ ಹೋಗುತ್ತದೆ. ಅದು 1.2 ಮೆಗಾಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತಾ ತನ್ನ ಗದ್ದಲವನ್ನು ಬ್ಯಾಂಡ್ ತುಂಬಾ ಚೆಲ್ಲುತ್ತದೆ. ಮೊದಲು ಪೆಟ್ಟು ಬೀಳುವುದು 118ರಿಂದ 137 ಮೆಗಾಹರ್ಟ್ಸ್‌ನ ವಿಮಾನ ಬ್ಯಾಂಡ್‌ಗೆ, ಅದು ಎಎಂ ಆದ್ದರಿಂದ, ಅಂದರೆ ಸಿಗ್ನಲ್ಲಿನ ಏರಿಳಿತವೇ ಧ್ವನಿಯಾಗುವುದರಿಂದ ಗದ್ದಲವೂ ನೇರವಾಗಿ ಕೇಳಿಸುತ್ತದೆ. ಯುಎಸ್‌ಬಿ ಬಾಯಿರುವ 1.5 ವೋಲ್ಟ್ ಲಿಥಿಯಂ ಪೆನ್ಸಿಲ್ ಸೆಲ್‌ಗಳದ್ದೂ ಇದೇ ಕಥೆ, ಅವುಗಳೊಳಗೂ ಸ್ವಿಚಿಂಗ್ ಕನ್ವರ್ಟರ್ ಇದೆ. ಖಾಲಿ ಚಾನೆಲ್ ಹಿಡಿದು, ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಸ್ಕ್ವೆಲ್ಚ್ ಅನ್ನು ಪೂರ್ತಿ ತೆರೆದು, ಮೊದಲು ಆಲ್ಕಲೈನ್‌ನಲ್ಲಿ, ಆಮೇಲೆ ಇವುಗಳಲ್ಲಿ ಕೇಳಿ ನೋಡಿ. ಇವುಗಳಲ್ಲಿ ಬ್ಯಾಟರಿ ಗುರುತು ಕೊನೆಯವರೆಗೂ ಪೂರ್ತಿ ತುಂಬಿದೆ ಎಂದೇ ತೋರಿಸಿ, ಸೆಟ್ ಒಮ್ಮೆಲೇ ಆರಿಹೋಗುತ್ತದೆ. ಸೆಟ್‌ನೊಳಗೇ ಚಾರ್ಜ್ ಮಾಡುವಂತೆಯೂ ಇಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು? 2000 ಮಿಲಿಆಂಪ್-ಅವರ್‌ನ ನಿಕಲ್ ಸೆಲ್ ಮೂರು ಸೇರಿ 7.2 ವ್ಯಾಟ್-ಅವರ್. ಆ 103450 ಪೌಚ್ 6.7ರಷ್ಟು. ಒಂದು ಅಸಲಿ 14500 ಮತ್ತು ಎರಡು ಡಮ್ಮಿ ಹಾಕಿದರೆ ಬರೀ 3. ಹೊದಿಕೆಯ ಮೇಲೆ 2800 ಎಂದು ಬರೆದ 14500 ಸಿಕ್ಕರೆ ಅದು ಸುಳ್ಳು, ಆ ಗಾತ್ರದಲ್ಲಿ ಅಷ್ಟು ಹಿಡಿಸುವುದಿಲ್ಲ. ತೂಕ ಕಡಿಮೆಯಾಗುತ್ತದೆ ಎನ್ನುವುದು ನಿಜ, ಹೆಚ್ಚು ಹೊತ್ತು ಓಡುತ್ತದೆ ಎನ್ನುವುದು ನಿಜವಲ್ಲ. ಎನೆಲೂಪ್‌ನಂಥ, ಇಟ್ಟಲ್ಲೇ ಬೇಗ ಚಾರ್ಜ್ ಕಳೆದುಕೊಳ್ಳದ ನಿಕಲ್ ಸೆಲ್ ಆರು (ಮೂರು ಬಳಕೆಗೆ, ಮೂರು ಬದಲಿಗೆ) ಮತ್ತು ಪ್ರತಿ ಸೆಲ್ಲನ್ನೂ ಬೇರೆ ಬೇರೆ ನೋಡಿಕೊಳ್ಳುವ ಹೊರಗಿನ ಚಾರ್ಜರ್ ಕೊಂಡರೆ ಬೆಸುಗೆಯೇ ಬೇಡ.

ಈಗಾಗಲೇ ಹಾಕಿಕೊಂಡು ಪೌಚ್ ಸ್ವಲ್ಪ ಉಬ್ಬಿದ್ದರೆ, ಮುಚ್ಚಳವನ್ನು ಒತ್ತಿ ಮುಚ್ಚಬೇಡಿ, ಸೂಜಿಯಿಂದ ಚುಚ್ಚಿ ಗಾಳಿ ತೆಗೆಯಬೇಡಿ. ಕೇಬಲ್ ಕಿತ್ತು, ಸೆಟ್ಟನ್ನು ಮನೆಯ ಹೊರಗೆ ಮರಳಿನ ಮೇಲೋ ಕಲ್ಲಿನ ಮೇಲೋ ಇಟ್ಟು, ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ಚಮಚದಿಂದ ಮೆಲ್ಲಗೆ ಎಬ್ಬಿಸಿ, ತಂತಿಯ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಉಬ್ಬಿದ ಸೆಲ್ಲನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ದೊಡ್ಡ ಸೂಟ್‌ಕೇಸಿನಲ್ಲೂ ಇಲ್ಲ.